ದ್ವೀಪದ ದುಡಿಮೆಯೂ ಜಂಗಮದ ಹೆಸರೂ

ತೆಂಗಿನ ಮರದ ನೆರಳು, ಎದುರಿಗೆ ನೀಲಿ ಕಡಲು, ಮರಳಿನ ಮೇಲೆ ಆಕಾಶಕ್ಕೆ ಮುಖಮಾಡಿದ ಒಂದು ಪುಟ್ಟ ತಟ್ಟೆ, ತೊಡೆಯ ಮೇಲೆ ಗಣಕಯಂತ್ರ. ದೂರದ ನಗರದ ಕಂಪನಿಯ ಉದ್ಯೋಗಿಯೊಬ್ಬನು ಉಷ್ಣವಲಯದ ದ್ವೀಪವೊಂದರಲ್ಲಿ ಕುಳಿತು, ಉಪಗ್ರಹದ ಮೂಲಕ ತನ್ನ ನಿತ್ಯದ ಕೆಲಸವನ್ನು ಪೂರೈಸುವ ಈ ಚಿತ್ರವು ಇಂದಿನ ತರುಣರ ಮನಸ್ಸನ್ನು ಬಹುವಾಗಿ ಸೆಳೆದಿದೆ. ಶಿವರಾತ್ರಿಯ ನಂತರದ ಆವನಿ ಜಾತ್ರೆಗೆಂದು ಬೆಂಗಳೂರಿನಿಂದ ಬರುವ ಹುಡುಗರ ಬಾಯಲ್ಲಿಯೂ ಈ ಮಾತು ಸುಳಿಯುತ್ತದೆ. ಹೀಗೆ ಊರೂರು ಸುತ್ತುತ್ತಾ ದುಡಿಯುವವರನ್ನು ‘ಈ ಕಾಲದ ಜಂಗಮರು’ ಎಂದು ಬಣ್ಣಿಸುವುದೂ ಉಂಟು. ಕೇಳಲು ಸೊಗಸಾದ ಹೋಲಿಕೆಯಿದು. ಆದರೆ ಶರಣರ ಪರಿಭಾಷೆಯ ಶಬ್ದವೊಂದನ್ನು ಇಷ್ಟು ಸಲೀಸಾಗಿ ಎರವಲು ಕೊಡುವ ಮುನ್ನ, ಅದು ಹೊತ್ತಿರುವ ಅರ್ಥವನ್ನು ಒಮ್ಮೆ ತೂಗಿ ನೋಡುವುದು ಉಚಿತ.

ಜಂಗಮವೆಂದರೆ ಚಲಿಸುವಂಥದ್ದು ಎಂಬುದು ಬರಿಯ ಶಬ್ದಾರ್ಥ. ಚಲಿಸುವುದೆಲ್ಲವೂ ಜಂಗಮವಾಗುವುದಾದರೆ ಗಾಳಿಗೆ ಹಾರುವ ತರಗೆಲೆಯೂ ಜಂಗಮವೇ ಆದೀತು. ಊರಿಂದೂರಿಗೆ ನಡೆದ ಜಂಗಮನು ಹೋದೆಡೆಯಲ್ಲಿ ಅರಿವನ್ನು ಹಂಚುತ್ತಿದ್ದನು. ಉಂಡ ಮನೆಯ ಕಷ್ಟಸುಖಕ್ಕೆ ಕಿವಿಯಾಗುತ್ತಿದ್ದನು. ಆ ಊರಿನ ಋಣ ಅವನ ಮೇಲಿತ್ತು. ದ್ವೀಪಕ್ಕೆ ಹೋದ ಉದ್ಯೋಗಿಗೆ ಆ ಊರಿನ ಬಾಡಿಗೆಯ ಲೆಕ್ಕವಲ್ಲದೆ ಬೇರೆ ಋಣವಿಲ್ಲ.

ಇದಕ್ಕಿಂತ ಸಮೀಪದ ಹೋಲಿಕೆಯೊಂದು ಬೇಕೆಂದರೆ ಅದು ಇಷ್ಟಲಿಂಗ. 12ನೆಯ ಶತಮಾನದಲ್ಲಿ ಗುಡಿಯ ಬಾಗಿಲು ಯಾರ ಪಾಲಿಗೆ ಮುಚ್ಚಿತ್ತೋ ಅವರ ಅಂಗೈಗೇ ಲಿಂಗ ಬಂದಿತು. ಚರ್ಮ ಹದಮಾಡುವವನಿಗೆ, ಹಗ್ಗ ಹೊಸೆಯುವವನಿಗೆ, ಸೌದೆ ಹೊರುವವನಿಗೆ, ಕಸ ಗುಡಿಸುವ ಹೆಣ್ಣುಮಗಳಿಗೆ ಪೂಜೆಯ ಸ್ಥಳವೆಂಬುದು ಇನ್ನೊಬ್ಬರ ಕೃಪೆಯಾಗಿ ಉಳಿಯಲಿಲ್ಲ. ಗರ್ಭಗುಡಿಯ ಮುಂದೆ ಅದಾಗಲೇ ಆಸನವಿದ್ದವರು ತಂಪಾದ ತೋಪಿನಲ್ಲಿ ಕುಳಿತು ಪೂಜಿಸಲಿ ಎಂಬ ಅನುಕೂಲಕ್ಕಾಗಿ ಆದ ಏರ್ಪಾಡಲ್ಲ ಅದು. ಹೊತ್ತೊಯ್ಯಬಹುದಾದ ಕಚೇರಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕಾಗುತ್ತದೆ. ಉಪಗ್ರಹದ ಸಂಪರ್ಕವು ಯಾರಿಗೆ ಬಾಗಿಲು ತೆರೆಯಿತು? ಮೊದಲೇ ಒಳಗಿದ್ದವರಿಗೋ, ಹೊರಗೆ ನಿಂತಿದ್ದವರಿಗೋ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ತಟ್ಟೆಯ ಕೆಲಸವನ್ನು ಕೊಂಚ ಅರಿಯುವುದು ಲೇಸು. ಉಪಗ್ರಹವೆಂದೊಡನೆ ಅಮೆರಿಕದ ಹೆಸರನ್ನು ಹೇಳುವುದು ಈಗಿನ ರೂಢಿಯಾಗಿದೆ. ನಮ್ಮ ಹಾಸನವನ್ನು ಮರೆಯಲಾಗದು. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವು ಹಾಸನದಲ್ಲಿ 1982ರಲ್ಲಿಯೇ ಆರಂಭವಾಯಿತು. ಆ ಬಗೆಯ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾವೂ ತಿರುಗುತ್ತಾ, ನೆಲದಿಂದ ನೋಡುವವರಿಗೆ ಒಂದೆಡೆ ನಿಂತಂತೆ ತೋರುತ್ತವೆ. ಇವನ್ನು ಆಕಾಶದ ಸ್ಥಾವರಗಳೆಂದರೆ ತಪ್ಪಾಗದು. ಅಷ್ಟು ಎತ್ತರಕ್ಕೆ ಮಾತು ಏರಿ ಇಳಿಯಲು ಸೆಕೆಂಡಿನ ಕಾಲುಭಾಗ ಬೇಕು. ಉತ್ತರ ಹಿಂದಿರುಗಲು ಮತ್ತೊಂದು ಕಾಲುಭಾಗ. ಬೆಳಕಿನ ವೇಗವೇ ಅಷ್ಟು. ಯಂತ್ರವನ್ನು ಎಷ್ಟು ತಿದ್ದಿದರೂ ಈ ತಡ ಹೋಗದು. ಪತ್ರ ಕಳುಹಿಸಲು ಇದು ತೊಡಕಲ್ಲ, ಎದುರು ಬದುರು ಸಂಭಾಷಣೆಗೆ ತೊಡಕು. ಇಬ್ಬರೂ ಒಟ್ಟಿಗೆ ಮಾತು ಆರಂಭಿಸುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ.

ಸ್ಟಾರ್‌ಲಿಂಕ್ ಮೊದಲಾದ ಹೊಸ ಜಾಲಗಳು ಬೇರೆ ದಾರಿ ಹಿಡಿದವು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಣ್ಣ ಉಪಗ್ರಹಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಒಂದು ದಿಗಂತದಾಚೆ ಸರಿಯುವಷ್ಟರಲ್ಲಿ ಮತ್ತೊಂದು ತಟ್ಟೆಯ ಕಣ್ಣಿಗೆ ಬೀಳುತ್ತದೆ. ತಡವು ತೀರ ಕಡಿಮೆಯಾದ್ದರಿಂದ ಸಭೆ, ಸಮಾಲೋಚನೆ, ಪಾಠ ಎಲ್ಲವೂ ಸುಗಮ. ನಡುಗಡಲಿನ ದ್ವೀಪದಲ್ಲಿ ಕುಳಿತು ದುಡಿಯುವುದು ಸಾಧ್ಯವಾದದ್ದು ಹೀಗೆ. ಇದೇ ಬಗೆಯ ಒನ್‌ವೆಬ್ ಜಾಲದ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಹಾಗೂ 2023ರ ಮಾರ್ಚ್‌ನಲ್ಲಿ ಎರಡು ಕಂತುಗಳಲ್ಲಿ ಮೇಲಕ್ಕೇರಿಸಿದ್ದು ನಮ್ಮ ಇಸ್ರೋ ಸಂಸ್ಥೆಯ ರಾಕೆಟ್. ಸ್ಟಾರ್‌ಲಿಂಕ್‌ಗೆ ಭಾರತದ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತದ್ದು 2025ರ ಜೂನ್‌ನಲ್ಲಿ.

ಆಕಾಶದಿಂದ ಬರುವ ಕೊಡುಗೆಯ ಅನುಭವ ಕನ್ನಡ ನಾಡಿಗೆ ಹೊಸತೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಸಂಜೆಯಾಗುತ್ತಲೇ ಒಂದೆಡೆ ಕಲೆತು ದೂರದರ್ಶನ ನೋಡಿದರು. ಅದಿನ್ನೂ ಬೆಂಗಳೂರಿಗೇ ದೂರದರ್ಶನ ಬಾರದಿದ್ದ ಕಾಲ. ಅಮೆರಿಕದ ನಾಸಾ ಸಂಸ್ಥೆ ಎರವಲು ನೀಡಿದ್ದ ಎಟಿಎಸ್-6 ಎಂಬ ಉಪಗ್ರಹದಿಂದ, ಕೋಳಿಗೂಡಿಗೆ ಹಾಕುವ ಜಾಲರಿಯಂಥ ತಂತಿಬಲೆಯಿಂದ ಮಾಡಿದ ತಟ್ಟೆಗಳ ಮೂಲಕ, ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಕನ್ನಡದಲ್ಲಿ ಬಂದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದ ಸ್ಮರಣೀಯ ಅಂಶವೆಂದರೆ, ಅದು ನಗರಕ್ಕೆ ಹೋಗದೆ ನೇರವಾಗಿ ಹಳ್ಳಿಗೆ ಬಂದದ್ದು. ಹೊರಗೆ ನಿಂತವರಿಗೆ ಮೊದಲು ಎಂಬ ನ್ಯಾಯ ಅಲ್ಲಿ ಪಾಲನೆಯಾಯಿತು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಲು ತಂದ ಉಪಗ್ರಹವು ಮರಳಿತು. ಕೊಟ್ಟವರು ತಿರುಗಿ ಪಡೆದರೆ ಹಳ್ಳಿಯ ಪಾಲಿಗೆ ಖಾಲಿ ತಟ್ಟೆಯಷ್ಟೇ ಉಳಿಯುತ್ತದೆ ಎಂಬುದೂ ಅಂದೇ ತಿಳಿದುಬಂದ ಸಂಗತಿ.

ಇನ್ನು ದ್ವೀಪಗಳ ವಿಚಾರ. 2020ರಲ್ಲಿ ಮಹಾಮಾರಿಯಿಂದ ಪ್ರವಾಸಿಗರು ನಿಂತುಹೋದಾಗ ಕೆರಿಬಿಯನ್ ಕಡಲಿನ ಬಾರ್ಬಡೋಸ್ ದೇಶವು ದೂರದಿಂದ ದುಡಿಯುವವರಿಗೆ ಒಂದು ವರ್ಷದ ವಿಶೇಷ ವೀಸಾ ಪ್ರಕಟಿಸಿತು. ಒಬ್ಬರಿಗೆ ಶುಲ್ಕ 2,000 ಡಾಲರ್. ವರ್ಷಕ್ಕೆ 50,000 ಡಾಲರ್ ಆದಾಯ ಇರಬೇಕೆಂಬುದು ನಿಬಂಧನೆ. ಅದೇ ವರ್ಷ ಮಾರಿಷಸ್ ಕೂಡ ಇಂಥದೊಂದು ವೀಸಾ ತಂದಿತು. ಅಲ್ಲಿ ಶುಲ್ಕವಿಲ್ಲ, ತಿಂಗಳಿಗೆ 1,500 ಡಾಲರ್ ಆದಾಯ ಸಾಕು, ಆದರೆ ಆ ಆದಾಯ ಮಾರಿಷಸ್‌ನ ಹೊರಗಿನದಾಗಿರಬೇಕು. ಪ್ರವಾಸಿಗರನ್ನೇ ನಂಬಿ ಬದುಕುವ ಆ ಜನರನ್ನು ಇದಕ್ಕಾಗಿ ದೂಷಿಸುವುದು ಸಲ್ಲದು. ಮನೆಯಲ್ಲಿ ಅಕ್ಕಿ ಮುಗಿದಾಗ ಅಂಗಳವನ್ನು ಬಾಡಿಗೆಗೆ ಕೊಡುವುದು ತಪ್ಪಲ್ಲ. ಆದರೂ ಆ ನಿಬಂಧನೆಗಳನ್ನು ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ಬರುವವನು ದ್ವೀಪದಲ್ಲಿ ಕುಳಿತು ದುಡಿಯುತ್ತಾನೆ, ದ್ವೀಪಕ್ಕಾಗಿ ದುಡಿಯುವುದಿಲ್ಲ. ದ್ವೀಪದವನ ಕೆಲಸವನ್ನು ಮುಟ್ಟಬಾರದು, ದ್ವೀಪದವನಿಗೆ ತನ್ನ ಕೆಲಸವನ್ನು ಕಲಿಸಬೇಕೆಂಬ ಕಟ್ಟಳೆಯೂ ಇಲ್ಲ.

ಕನ್ನಡಿಗರಿಗೆ ಸಮೀಪದ ದ್ವೀಪವೆಂದರೆ ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. ಅನಂತರ 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಅತ್ತ ಹೊರಡುವ ಹಡಗುಗಳು ಆ ಸಂಬಂಧದ ಮುಂದುವರಿಕೆಯೇ ಸರಿ. ಸುಮಾರು 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ 64,473 ಜನ. ಇಷ್ಟೂ ಜನರ ಜಾಲಸಂಪರ್ಕವು 2024ರ ಜನವರಿಯವರೆಗೆ ಉಪಗ್ರಹವೊಂದನ್ನೇ ಅವಲಂಬಿಸಿತ್ತು. ಸರ್ಕಾರವೇ ಹೇಳಿದಂತೆ ಇಡೀ ದ್ವೀಪಸಮೂಹಕ್ಕೆ ದೊರೆಯುತ್ತಿದ್ದ ಸಾಮರ್ಥ್ಯ ಸೆಕೆಂಡಿಗೆ 1.7 ಗಿಗಾಬಿಟ್. ಕೊಚ್ಚಿಯಿಂದ ಕಡಲಡಿಯಲ್ಲಿ ತಂತುವನ್ನು ಎಳೆದ ಮೇಲೆ ಅದು 200 ಗಿಗಾಬಿಟ್‌ಗೆ ಏರಿತು. ನೂರು ಪಟ್ಟಿಗೂ ಮಿಗಿಲು.

ಉಪಗ್ರಹದ ದಿನಗಳಲ್ಲಿ ಆ ದ್ವೀಪದವರು ತಾಳ್ಮೆಯಿಂದಲೇ ಅಂತರ್ಜಾಲವನ್ನು ಬಳಸಬೇಕಿತ್ತು. ಕವರಟ್ಟಿಯ ವಿದ್ಯಾರ್ಥಿಗೆ ಅರ್ಜಿ ತುಂಬುವುದೂ, ಅಮಿನಿಯ ವೈದ್ಯರಿಗೆ ಕೊಚ್ಚಿಯ ತಜ್ಞರ ಸಲಹೆ ಪಡೆಯುವುದೂ ಅಷ್ಟೇ ಇಕ್ಕಟ್ಟಿನ ದಾರಿಯಲ್ಲಿ ಆಗಬೇಕಿತ್ತು. ದ್ವೀಪದಲ್ಲಿ ಕುಳಿತು ದುಡಿಯಬೇಕೆಂಬ ಹಂಬಲ ಹೊರಗಿನವರಿಗಿಂತ ಮೊದಲು ದ್ವೀಪದ ಮಕ್ಕಳದ್ದೇ ಆಗಿತ್ತಲ್ಲವೇ? ಓದಿ ಕೇರಳಕ್ಕೋ ಮಂಗಳೂರಿಗೋ ಹೊರಟವರು ಮರಳಿ ಬರಲಾಗದಿದ್ದುದಕ್ಕೆ ಅಲ್ಲಿ ದುಡಿಯುವ ದಾರಿ ಇಲ್ಲದಿದ್ದುದು ಮುಖ್ಯ ಕಾರಣ. ತಂತು ಬಂದ ತಿಂಗಳಲ್ಲೇ ದೇಶದ ತುಂಬ ಎದ್ದ ಮಾತು ಮಾತ್ರ ಬೇರೆ: ಲಕ್ಷದ್ವೀಪಕ್ಕೆ ವಿಹಾರಕ್ಕೆ ಹೋಗೋಣ ಎಂಬುದು.

ಅಲ್ಲಿನ ನೀರಿನ ಕಥೆಯನ್ನು ಇಲ್ಲಿಯೇ ಹೇಳಬೇಕು. ಹವಳದ ದ್ವೀಪದಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಆ ಪದರವೇ ಬಾವಿ. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅದಕ್ಕಾಗಿಯೇ 2005ರಲ್ಲಿ ಕವರಟ್ಟಿಯಲ್ಲಿ ಕಡಲಿನ ನೀರನ್ನು ಸಿಹಿಯಾಗಿಸುವ ಸ್ಥಾವರ ಸ್ಥಾಪಿಸಿದರು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ತಿಂಗಳುಗಟ್ಟಲೆ ತಂಗುವ ಅತಿಥಿಯೊಬ್ಬ ಹೊತ್ತಿಗೆರಡು ಬಾರಿ ಮೀಯುವಾಗ ಯಾರ ಬಾವಿಯಿಂದ ಮೀಯುತ್ತಾನೆಂಬುದು ಅವನ ಗಣಕದ ತೆರೆಯ ಮೇಲೆ ಮೂಡುವುದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಬಿಡದೆ, ಇದ್ದೆಡೆಗೇ ಮರಳಿಸಲು ಹೇಳಿದ ಪ್ರಸಂಗ ಸದ್ಭಕ್ತರಿಗೆ ತಿಳಿದದ್ದೇ. ಹಣ ಕೊಟ್ಟಿದ್ದೇನೆಂಬ ಮಾತು ಲಕ್ಕಮ್ಮನ ಲೆಕ್ಕದಲ್ಲಿ ನಿಲ್ಲದು. ಹವಳದ ದ್ವೀಪದಲ್ಲಿ ಸಿಹಿನೀರು ಹಣಕ್ಕೆ ಹುಟ್ಟುವುದಿಲ್ಲ.

ಕಡಲನ್ನು ದಾಟದೆಯೇ ಕರ್ನಾಟಕದ ಒಳಗೊಂದು ದ್ವೀಪದ ಕಥೆ ಇದೆ; ಅದು ಇನ್ನೂ ಹೆಚ್ಚು ನೋವಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ನೀರು ಹರಡಿ, ಸಾಗರ ತಾಲ್ಲೂಕಿನ ತುಮರಿ ಸುತ್ತಮುತ್ತಲಿನ ಊರುಗಳನ್ನು ತಾಲ್ಲೂಕು ಕೇಂದ್ರದಿಂದ ಕಡಿದು ಹಾಕಿತು. ದೇವರು ಮಾಡಿದ ದ್ವೀಪವಲ್ಲ, ಸರ್ಕಾರ ಮಾಡಿದ ದ್ವೀಪ. ಹೊಲ, ಗದ್ದೆ, ತೋಟ, ಮನೆಗಳನ್ನು ಮುಳುಗಿಸಿ ಉತ್ಪಾದಿಸಿದ ವಿದ್ಯುತ್ತು ನಾಡಿನ ನಗರಗಳನ್ನೂ ಕಾರ್ಖಾನೆಗಳನ್ನೂ ಬೆಳಗಿತು. ಬೆಂಗಳೂರಿನ ಕೈಗಾರಿಕೆಗಳು ಬೆಳೆದದ್ದರಲ್ಲಿ, ಇಂದಿನ ಗಣಕೋದ್ಯಮಕ್ಕೆ ನೆಲ ಹದವಾದದ್ದರಲ್ಲಿ ಶರಾವತಿಯ ಪಾಲು ಸಣ್ಣದಲ್ಲ. ಅತ್ತ ತುಮರಿಯ ಜನ ಆರು ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಸ್ಪತ್ರೆಗೆ ಸುತ್ತುದಾರಿ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಸಾಗಿಸುವುದು ಕಷ್ಟ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಗಿಲಾದ ಉದ್ದದ ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈ 14ರಂದು.

ದಾರಿಗಿದ್ದ ಕೊರತೆಯೇ ಮೊಬೈಲ್ ಸಂಕೇತಕ್ಕೂ ಇತ್ತು. 2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಅದೆಷ್ಟೋ ಊರುಗಳಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಮಳೆಗೆ ಟಾರ್ಪಾಲು ಕಟ್ಟಿಕೊಂಡು, ಕೊಡೆ ಹಿಡಿದುಕೊಂಡು ಕುಳಿತರು. ನಗರದಿಂದ ತವರಿಗೆ ಬಂದ ಉದ್ಯೋಗಿಗಳೂ ಅದೇ ಗುಡ್ಡದ ಮೇಲೆ ಗಣಕಯಂತ್ರ ತೆರೆದರು. ಉಷ್ಣವಲಯದ ನಡುಗಡ್ಡೆಯಲ್ಲಿ ಕುಳಿತು ದೂರದಿಂದ ದುಡಿಯುವುದೆಂದರೆ ಏನೆಂಬುದಕ್ಕೆ ನಮ್ಮ ನಾಡಿನ ನಿಜವಾದ ಚಿತ್ರ ಇದು. ಇಲ್ಲಿ ಕಡಲಿಲ್ಲ, ತಣ್ಣನೆಯ ಎಳನೀರಿಲ್ಲ. ಜಿಗಣೆಯಿದೆ, ಮಳೆಯಿದೆ, ಬೆಟ್ಟದ ತುದಿಯಲ್ಲಿ ಒಂದೇ ಒಂದು ಗೆರೆಯ ಸಂಕೇತವಿದೆ. ಇಂಥ ಊರಿನ ಶಾಲೆಯ ಮಾಡಿನ ಮೇಲೆ ಉಪಗ್ರಹದ ತಟ್ಟೆ ಕುಳಿತರೆ ಅದನ್ನು ಅಂಗೈಗೆ ಬಂದ ಲಿಂಗಕ್ಕೆ ಹೋಲಿಸಿದರೂ ಅತಿಶಯೋಕ್ತಿಯಾಗದು.

ಇನ್ನು ಕೋಲಾರದ ನೆಲಕ್ಕೆ ಬಂದರೆ, ಇಲ್ಲಿಗೂ ಒಮ್ಮೆ ನಡುಗಡ್ಡೆಯಿಂದ ತಂತಿಯೊಂದು ಬಂದಿತ್ತು. ಶಿವನಸಮುದ್ರವೂ ಕಾವೇರಿಯ ಎರಡು ಕವಲುಗಳ ನಡುವಿನ ನಡುಗಡ್ಡೆಯೇ. ಅಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ಕ್ರಮಿಸಿ ಕೋಲಾರದ ಚಿನ್ನದ ಗಣಿಗೆ ತಲುಪಿತು. ಜಗತ್ತಿನ ಅಂದಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ಮೈಸೂರು ಸಂಸ್ಥಾನದ ಈ ಸಾಧನೆ ಹೆಮ್ಮೆಯದು, ನಿಜ. ಆದರೆ ತಂತಿಯು ಯಾರ ಹೊಲಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳು ಅನಂತರವೂ ದಶಕಗಳ ಕಾಲ ಎಣ್ಣೆದೀಪದಲ್ಲೇ ಉಳಿದವು. ಗಣಿಯ ಒಡೆಯರು ಲಂಡನ್ನಿನಲ್ಲಿ ಕುಳಿತು ಆಳುತ್ತಿದ್ದ ಜಾನ್ ಟೇಲರ್ ಕಂಪನಿಯವರು. ದೂರದಿಂದ ದುಡಿಯುವುದು ಹೊಸತಿರಬಹುದು, ದೂರದಿಂದ ದುಡಿಸಿಕೊಳ್ಳುವುದು ಬಲು ಹಳೆಯದು.

2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿತು. ಕೆಲಸ ನಿಂತಿತು, ಮನೆಗಳು ನಿಂತವು, ಜನ ರೈಲು ಹತ್ತಿದರು. ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಿಂದ ನಸುಕಿನಲ್ಲೇ ಬೆಂಗಳೂರಿಗೆ ಹೊರಟು ರಾತ್ರಿ ಮರಳುವ ಸಾವಿರಾರು ಜನರ ಬದುಕು ಎರಡು ದಶಕಗಳಿಗೂ ಮೇಲ್ಪಟ್ಟು ಹಳಿಗಳ ಮೇಲೆಯೇ ಸಾಗಿದೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯುವ ತಾಯಿಗೆ ತನ್ನ ಮಗುವಿನ ಮುಖ ಭಾನುವಾರದ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ದೂರದ ದುಡಿಮೆಯ ಲಾಭ ಮೊದಲು ಸಲ್ಲಬೇಕಾದವರಲ್ಲಿ ಇವರೂ ಸೇರಿದ್ದಾರೆ. ಇವರಲ್ಲಿ ಬಹುಜನರ ಕೆಲಸ ಮನೆಯಲ್ಲಿ ಕುಳಿತು ಮಾಡುವಂಥದ್ದಲ್ಲ ಎಂಬುದನ್ನೂ ಒಪ್ಪಬೇಕು. ಕಾವಲು ಕಾಯುವವನಿಗೆ, ಗಾರೆ ಕೆಲಸದವನಿಗೆ, ಹೊಲಿಗೆ ಕಾರ್ಖಾನೆಯ ಹೆಣ್ಣುಮಗಳಿಗೆ ಯಾವ ಉಪಗ್ರಹವೂ ಮನೆಯಲ್ಲಿ ಕೆಲಸ ತಂದುಕೊಡದು. ಲೆಕ್ಕ ಬರೆಯುವವರು, ಬಿಲ್ಲು ತಪಾಸಣೆ ಮಾಡುವವರು, ದೂರವಾಣಿಯಲ್ಲಿ ಗ್ರಾಹಕರಿಗೆ ಉತ್ತರಿಸುವವರು, ತಂತ್ರಾಂಶ ಬರೆಯುವವರು ಉಂಟಲ್ಲ, ಈ ಮಾತು ಅವರಿಗೆ ಅನ್ವಯಿಸುತ್ತದೆ.

ಆವನಿ ದ್ವೀಪವಲ್ಲ. ಮುಳುಬಾಗಿಲು ಪಟ್ಟಣವು ಬೆಂಗಳೂರು–ತಿರುಪತಿ ಹೆದ್ದಾರಿಯ ಮೇಲೆಯೇ ಇದೆ. ಅಲ್ಲಿಂದ ಆವನಿ ದೂರವೇನಲ್ಲ. 2020ರಲ್ಲಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಲು ಹೇಳಿದಾಗ ಕೋಲಾರ ಜಿಲ್ಲೆಯ ಇಂಥ ಊರುಗಳಿಗೆ ಮಕ್ಕಳು ಮರಳಿ ಬಂದರು. ವಯಸ್ಸಾದ ತಂದೆತಾಯಿಗೆ ಮಾತ್ರೆ ಕೊಡುವ ಕೈ ಮನೆಯಲ್ಲಿತ್ತು. ಸಂಜೆ ಗುಡಿಯ ಕಟ್ಟೆಯ ಮೇಲೆ ಹರೆಯದವರ ದನಿ ಕೇಳಿಸಿತು. ಬೀಳುಬಿದ್ದ ಹೊಲಕ್ಕೆ ರಾಗಿ ಬಿತ್ತಿದವರೂ ಉಂಟು. 2023ರ ವೇಳೆಗೆ ಹಲವು ದೊಡ್ಡ ಕಂಪನಿಗಳು ವಾರದ ಐದೂ ದಿನ ಕಚೇರಿಗೆ ಬರಬೇಕೆಂದು ಆಜ್ಞೆ ಹೊರಡಿಸಿದವು. ಮನೆಗಳಲ್ಲಿ ಮತ್ತೆ ಮುದುಕರಷ್ಟೇ ಉಳಿದರು. ಇಲ್ಲಿ ಆಕಾಶದ ಸಂಪರ್ಕದ ಕೊರತೆಯಾಗಲಿಲ್ಲ, ಅನುಮತಿಯ ಕೊರತೆಯಾಯಿತು. ಬೆಲೆಬಾಳುವ ಪರಿಣತನೊಬ್ಬ ದ್ವೀಪದಿಂದ ದುಡಿಯುತ್ತೇನೆಂದರೆ ಒಪ್ಪುವ ವ್ಯವಸ್ಥೆಯು, ಆವನಿಯಲ್ಲಿ ಪಾರ್ಶ್ವವಾಯು ಬಡಿದ ತಂದೆಯಿದ್ದಾರೆಂದು ಬೇಡುವ ಕಿರಿಯ ಉದ್ಯೋಗಿಗೆ ನಿಯಮವನ್ನು ಓದಿಹೇಳುತ್ತದೆ. ದೂರದ ದುಡಿಮೆಯ ಬಗ್ಗೆ ಹಬ್ಬಿರುವ ಅಷ್ಟೂ ಹೊಗಳಿಕೆಯ ನಡುವೆ ಈ ತಾರತಮ್ಯದ ಮಾತು ಕೇಳಿಬರುವುದು ಅಪರೂಪ.

ಈ ವಾದಕ್ಕೆ ಒಂದು ಎದುರುಮಾತುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಕೂಡಿ ಕುಳಿತರೆ ಮಾತ್ರ ಹುಟ್ಟುವ ಅರಿವೆಂಬುದೊಂದಿದೆ. ಸೌರಾಷ್ಟ್ರದಿಂದ ಆದಯ್ಯನು ಪುಲಿಗೆರೆಗೆ ಬಂದನೆಂದೂ, ಕಾಶ್ಮೀರದ ಅರಸುತನವನ್ನು ತೊರೆದು ಮೋಳಿಗೆಯ ಮಾರಯ್ಯನು ಕಲ್ಯಾಣದಲ್ಲಿ ಸೌದೆ ಹೊತ್ತನೆಂದೂ ಪರಂಪರೆ ಹೇಳುತ್ತದೆ. ಅಂಗೈಯಲ್ಲಿ ಲಿಂಗವಿದ್ದರೂ ಅನುಭಾವಕ್ಕೆ ಅವರು ಒಂದೆಡೆ ನೆರೆದರು. ಕಂಪನಿಗಳು ಕಿರಿಯರು ಹಿರಿಯರೊಡನೆ ಕುಳಿತು ಕಲಿಯಬೇಕೆಂದಾಗ ಅದರಲ್ಲಿ ಸತ್ಯವಿಲ್ಲದಿಲ್ಲ. ಒಂಟಿಯಾಗಿ ತೆರೆಯ ಮುಂದೆ ಕುಳಿತ ದುಡಿಮೆಯು ಮನುಷ್ಯನನ್ನು ಎಷ್ಟು ಒಣಗಿಸುತ್ತದೆಂಬುದನ್ನು 2020 ಮತ್ತು 2021ರಲ್ಲಿ ಬಹುಜನರು ಅನುಭವಿಸಿದ್ದಾರೆ. ಆದರೆ ಶರಣರು ಒಂದೆಡೆ ಸೇರುತ್ತಿದ್ದುದು ದಿನದ ಕಾಯಕ ಮುಗಿಸಿಕೊಂಡು. ಹಾಜರಿ ಪುಸ್ತಕಕ್ಕಾಗಿ ಅಲ್ಲ. ತಿಂಗಳಿಗೊಂದು ವಾರ ಕೂಡಿ ದುಡಿದು, ಉಳಿದ ದಿನ ಊರಿನಲ್ಲಿದ್ದು ದುಡಿಯುವ ಏರ್ಪಾಡನ್ನು ಮಾಡುವುದು ಮನಸ್ಸಿದ್ದರೆ ಅಸಾಧ್ಯವೇನಲ್ಲ.

ಊರಿಗೆ ಮರಳಿದವನು ಊರಿಗೆ ಏನಾದನು ಎಂಬುದೂ ಕೇಳಲೇಬೇಕಾದ ಪ್ರಶ್ನೆ. ಆವನಿಯಲ್ಲಿದ್ದೂ ದ್ವೀಪದ ಅತಿಥಿಯಂತೆ ಬದುಕುವುದು ಸಾಧ್ಯ. ಬಾಗಿಲು ಮುಚ್ಚಿ, ಬೆಂಗಳೂರಿನ ಸಂಬಳ ಎಣಿಸುತ್ತಾ, ನೆರೆಯವರ ಹೆಸರು ತಿಳಿಯದೆ ಇರುವವನಿಗೆ ಊರಾದರೇನು, ದ್ವೀಪವಾದರೇನು? ಇಲ್ಲಿ ಆವನಿಯದೇ ಶಾಸನವೊಂದು ನೆನಪಿಗೆ ಬರುತ್ತದೆ. ಶರಣರಿಗೂ ಹಿಂದಿನ ಕಾಲ, ನೊಳಂಬರ ಆಳ್ವಿಕೆ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಇಂದಿಗೂ ನಿಂತಿರುವ ಈ ಕ್ಷೇತ್ರದಲ್ಲಿ ತ್ರಿಭುವನಕರ್ತರದೇವನೆಂಬ ಶೈವ ಯತಿ ಇದ್ದನು. ಕ್ರಿ.ಶ. 961ರಲ್ಲಿ ಅವನು ಶಿವೈಕ್ಯನಾದ ವಿಷಯವನ್ನು ಶಾಸನ ದಾಖಲಿಸಿದೆ. ನಲವತ್ತು ವರ್ಷ ಆವನಿಯ ಸ್ಥಾನವನ್ನು ನಡೆಸಿದನು, ಐವತ್ತು ದೇಗುಲ ಕಟ್ಟಿಸಿದನು, ಎರಡು ದೊಡ್ಡ ಕೆರೆ ಕಟ್ಟಿಸಿದನು ಎಂದು ಅದು ಹೇಳುತ್ತದೆ. ದೇಗುಲದ ಲೆಕ್ಕಕ್ಕಿಂತ ಕೆರೆಯ ಲೆಕ್ಕ ಇಲ್ಲಿ ಮುಖ್ಯ. ನದಿಯಿಲ್ಲವೆನ್ನಬಹುದಾದ ಈ ಸೀಮೆಯಲ್ಲಿ ನೀರು ನಿಲ್ಲಿಸಿದವನನ್ನೇ ಕಲ್ಲು ನೆನಪಿಟ್ಟುಕೊಂಡಿದೆ. ಸರ್ವಸಂಗ ಪರಿತ್ಯಾಗಿಗೆ ಎಲ್ಲಿಯಾದರೂ ಇರಬಹುದಿತ್ತು; ಅವನು ಒಂದೇ ಊರಿನಲ್ಲಿ ನಲವತ್ತು ವರ್ಷ ಕುಳಿತನು.

ಇಂದಿನವರಿಂದ ಅಷ್ಟನ್ನು ಅಪೇಕ್ಷಿಸುವುದು ಅತಿಯಾದೀತು. ಊರಿನಲ್ಲಿ ಕುಳಿತು ತಂತ್ರಾಂಶ ಬರೆಯುವ ಹೆಣ್ಣುಮಗಳೊಬ್ಬಳು ವಾರಕ್ಕೆರಡು ಸಂಜೆ ಸರ್ಕಾರಿ ಶಾಲೆಯ ಮಕ್ಕಳಿಗೆ ಗಣಕದ ಪಾಠ ಹೇಳಲಿ, ಕೆರೆಯ ಸಂಘದ ಲೆಕ್ಕವನ್ನು ಬರೆದುಕೊಡಲಿ, ಮುದುಕಮ್ಮನ ಪಿಂಚಣಿಯ ಅರ್ಜಿಯನ್ನು ತನ್ನ ಯಂತ್ರದಲ್ಲೇ ತುಂಬಿಕೊಡಲಿ. ದಾಸೋಹವು ಇದಕ್ಕಿಂತ ದೊಡ್ಡದಾಗಿ ಆರಂಭವಾಗಬೇಕಿಲ್ಲ. ದ್ವೀಪಕ್ಕೆ ಹೋಗುವವರಿಗೂ ಇದೇ ಸಲ್ಲುತ್ತದೆ. ಹೋಗಬಾರದೆಂಬ ನಿಷೇಧ ಯಾರಿಗೂ ಬೇಡ; ದಣಿದ ಜೀವಕ್ಕೆ ಕಡಲು ಕಂಡರೆ ಹಿತವೇ. ಮೂರು ತಿಂಗಳು ಕಡಮತ್‌ನ ನೀರು ಕುಡಿದವನು ಅಲ್ಲಿನ ಒಬ್ಬ ಹುಡುಗನಿಗಾದರೂ ತನ್ನ ವಿದ್ಯೆ ಕಲಿಸಿ ಬಂದರೆ, ಅವನನ್ನು ಜಂಗಮನೆಂದು ಕರೆಯಲು ಯಾರೂ ಹಿಂಜರಿಯಬೇಕಿಲ್ಲ.

ವ್ಯಕ್ತಿಯ ಸದ್ಬುದ್ಧಿಗೆ ಮಾತ್ರ ಇದನ್ನು ಬಿಟ್ಟುಬಿಡುವುದೂ ಸರಿಯಲ್ಲ. 2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದ್ವೀಪರಾಷ್ಟ್ರದ ಬಳಿ ಜ್ವಾಲಾಮುಖಿ ಸ್ಫೋಟಿಸಿ, ಕಡಲಡಿಯ ತಂತು ತುಂಡಾಯಿತು. ವಾರಗಟ್ಟಲೆ ಆ ದೇಶ ಜಗತ್ತಿನಿಂದ ಬೇರೆಯಾದಾಗ ಸ್ಟಾರ್‌ಲಿಂಕ್‌ನ 50 ತಟ್ಟೆಗಳು ಉಚಿತವಾಗಿ ಅಲ್ಲಿಗೆ ಹೋದವು. ಅಂಥ ಹೊತ್ತಿನಲ್ಲಿ ಆಕಾಶದ ಸಂಪರ್ಕವು ಪ್ರಾಣವಾಯುವಿಗೆ ಸಮ. ಆದರೆ ಅದು ಉಪಕಾರ. ಉಪಕಾರ ಮಾಡಿದವನು ಬೇಡವೆಂದ ದಿನ ಬಾಗಿಲು ಮುಚ್ಚುತ್ತದೆ. ಎಟಿಎಸ್-6 ಹೊರಟುಹೋದ 1976ರಲ್ಲಿ ವಿಜಾಪುರದ ಹಳ್ಳಿಗಳು ಕಂಡದ್ದೂ ಇದನ್ನೇ. ಆದ್ದರಿಂದ ಪರವಾನಗಿಯನ್ನು ಕೊಡುವ ಸರ್ಕಾರವು ಉಪಕಾರವನ್ನು ನಿಬಂಧನೆಯಾಗಿ ಬರೆಯಿಸಿಕೊಳ್ಳಬೇಕು. ಯಾವ ಕಂಪನಿಯು ಈ ನಾಡಿನ ಆಕಾಶದಿಂದ ಸೇವೆ ಮಾರುತ್ತದೆಯೋ ಅದು ಶರಾವತಿ ಹಿನ್ನೀರಿನ ಶಾಲೆಗೆ, ಅಮಿನಿಯ ಆಸ್ಪತ್ರೆಗೆ, ಪಶ್ಚಿಮಘಟ್ಟದ ಹಾಡಿಯ ಅಂಗನವಾಡಿಗೆ ಮೊದಲ ತಟ್ಟೆಗಳನ್ನು ಇರಿಸಲಿ. ರೆಸಾರ್ಟಿನ ಸರದಿ ಆಮೇಲೆ ಬರಲಿ. ಕರ್ನಾಟಕದ ಕಂಪನಿಗಳು ಇಂತಿಷ್ಟು ಕೆಲಸಗಳನ್ನು ಜಿಲ್ಲೆಯ ಊರುಗಳಿಂದಲೇ ಮಾಡಬಹುದೆಂದು ನೇಮಕದ ಪತ್ರದಲ್ಲಿಯೇ ಬರೆದುಕೊಡಲಿ. ಮಾರನೆಯ ವರ್ಷ ಸುತ್ತೋಲೆಯೊಂದರಿಂದ ಅಳಿಸಿಹಾಕುವಂಥ ಬಾಯಿಮಾತಾಗಿ ಅದು ಉಳಿಯದಿರಲಿ. ಆವನಿಯ ಜಾತ್ರೆಗೆ ಬರುವ ತರುಣರಲ್ಲಿ ಕಂಪನಿಗಳಲ್ಲಿ ಅಧಿಕಾರದ ಸ್ಥಾನಕ್ಕೇರಿದವರೂ ಇದ್ದಾರೆ. ತಮ್ಮ ಕೈಕೆಳಗಿನವರ ಅರ್ಜಿಗೆ ಸಹಿ ಹಾಕುವ ಹೊತ್ತಿನಲ್ಲಿ ಅವರು ಈ ಪಾರ್ಶ್ವವಾಯುವಿನ ತಂದೆಯನ್ನೂ, ಬಂಗಾರಪೇಟೆಯ ನಸುಕಿನ ರೈಲನ್ನೂ ನೆನೆಯಬಹುದು.